ದೊರೆಯ ಹೆಣದ ಹಿಂದೆ ನಡೆದವರು

"ಹೊಟ್ಟಿಕಿಚ್ಚು ಇಲ್ದ ಯಾರರ ಬೆಳದಾರೇನ್ರಿ, ಗುರುಗಳ?" ಎಂದು ಮಾನಪ್ಪ ಕೇಳಿದ.

ಚಿತ್ರ ಕಲಿಸುವ ಗುರುಗಳು ಬಣ್ಣ ಅರೆಯುತ್ತಿದ್ದರು. ಕಲ್ಲಿನ ಮೇಲಿಂದ ಕೈ ತೆಗೆಯಲಿಲ್ಲ.

ಈ ಪ್ರಶ್ನೆ ಆಕಾಶದಿಂದ ಉದುರಿದ್ದಲ್ಲ. ಊರಿನ ಹೊಸ ಛತ್ರದ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ ಗುರುಗಳಿಗೆ ಬಂದಿತ್ತು. ನಡುವಿನ ಗೋಡೆಯನ್ನು ಅವರು ದೇವಿಂದ್ರ ಎಂಬ ಶಿಷ್ಯನಿಗೆ ಒಪ್ಪಿಸಿದರು, ಬದಿಯ ಗೋಡೆಯನ್ನು ಮಾನಪ್ಪನಿಗೆ. ದೇವಿಂದ್ರ ನಿನ್ನೆ ಮೊನ್ನೆ ಬಂದವನು. ಕುಂಚ ಕಟ್ಟುವುದನ್ನು ಅವನಿಗೆ ಹೇಳಿಕೊಟ್ಟವನೇ ಮಾನಪ್ಪ. ಗೋಡೆಗೆ ಬರೆಯಬೇಕಾದದ್ದನ್ನು ಇಬ್ಬರೂ ಮೊದಲು ಹಾಳೆಯ ಮೇಲೆ ಬರೆದು ಈ ದಿನ ತಂದು ತೋರಿಸಬೇಕಿತ್ತು. ಮಾನಪ್ಪ ಬರಿಗೈಯಲ್ಲಿ ಬಂದಿದ್ದ.

"ನಿನ್ನ ಹಾಳಿ ಎಲ್ಲಿ?" ಎಂದರು ಗುರುಗಳು.

"ಇನ್ನಾ ಮುಗಿದಿಲ್ರಿ."

ಗುರುಗಳು ಅವನ ಬೆರಳುಗಳ ಕಡೆ ನೋಡಿದರು. ಬಣ್ಣದ ಗುರುತೇ ಇರಲಿಲ್ಲ.

"ಅವನ್ನ ನೋಡಿ ನಾ ಉರಕೋತೀನಿ, ಖರೆ," ಎಂದ ಮಾನಪ್ಪ. "ಆದ್ರ ಉರಕೊಂಡಷ್ಟೂ ಕೈ ಚುರುಕಾಗ್ತದಲ್ರಿ. ಅದರಾಗ ತಪ್ಪೇನದ?"

"ಕುಂದ್ರು," ಎಂದರು ಗುರುಗಳು. "ಡಚ್ಚರ ನಾಡಿನಾಗ ಒಬ್ಬ ತಾಮ್ರ ಕೆತ್ತಾವ ಇದ್ದ. ಅವನ ಕತಿ ಹೇಳ್ತೀನಿ."

ಗುರುಗಳು ಆ ನಾಡನ್ನು ಕಂಡವರಲ್ಲ. ತಮ್ಮ ಗುರುಗಳಿಂದ ಕೇಳಿದ್ದರು, ಅವರಿಗೆ ಯಾರು ಹೇಳಿದ್ದರೋ ದೇವರೇ ಬಲ್ಲ. ಹಾಗಾಗಿ ಈ ಕತೆಯಲ್ಲಿ ಡಚ್ಚರೂ ನಮ್ಮ ಸೀಮೆಯವರ ಹಾಗೆಯೇ ಮಾತಾಡುತ್ತಾರೆ. ಅದಕ್ಕೆ ಯಾರೂ ತಕರಾರು ತೆಗೆಯಬಾರದು.

ಇನ್ನೂರೈವತ್ತು ಮುನ್ನೂರು ವರ್ಷಗಳ ಹಿಂದಿನ ಮಾತು. ಆ ನಾಡಿನ ಒಂದು ಪಟ್ಟಣದಲ್ಲಿ ಅಚ್ಚಿನ ಚಿತ್ರ ಮಾಡಿ ಮಾರುವ ಅಂಗಡಿಯೊಂದಿತ್ತು. ಯಜಮಾನ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವನ ಹೆಂಡತಿ ಹೆಸ್ಟರ್ ಅಂಗಡಿ ನಡೆಸುತ್ತಿದ್ದಳು. ಅವಳ ಬಳಿ ಇಬ್ಬರು ಕೆತ್ತನೆಗಾರರು. ಹಿರಿಯವನು ಯೂರಿಯಾನ್, ಯಜಮಾನನ ಕಾಲದಿಂದಲೂ ಇದ್ದವನು. ಕಿರಿಯವನು ಲೌರೆನ್ಸ್. ಅವನಿಗೆ ಉಳಿ ಮಸೆಯುವುದನ್ನು ಕಲಿಸಿದವನು ಯೂರಿಯಾನ್. ಕಲಿಸುವಾಗ ಅವನಿಗೆ ಲೌರೆನ್ಸ್‌ನ ಮೇಲೆ ಪ್ರೀತಿಯಿತ್ತು. ಕಲಿತ ಮೇಲೆ ಆ ಪ್ರೀತಿ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಆ ಚಳಿಗಾಲದಲ್ಲಿ ನಾಡಿನ ದೊರೆ ಸತ್ತ.

ಅಲ್ಲಿನವರು ತಮ್ಮ ದೊರೆಯನ್ನು ರಾಜ ಎಂದು ಕರೆಯುತ್ತಿರಲಿಲ್ಲ. ಆದರೆ ಸತ್ತರೆ ರಾಜನಿಗೆ ಮಾಡುವ ಮರ್ಯಾದೆಯನ್ನೆಲ್ಲ ಮಾಡುತ್ತಿದ್ದರು. ಹೆಣಕ್ಕೆ ಸುಗಂಧ ತುಂಬಿ ತಿಂಗಳುಗಟ್ಟಲೆ ಅರಮನೆಯಲ್ಲಿ ಇಡುವುದು ಪದ್ಧತಿ. ಅಷ್ಟರಲ್ಲಿ ಊರಿಗೆಲ್ಲ ಕರಿ ಬಟ್ಟೆ ಹೊಲಿಯಬೇಕು, ಯಾರ ಹಿಂದೆ ಯಾರು ನಡೆಯಬೇಕು ಎಂದು ಜಗಳಾಡಬೇಕು. ಮೆರವಣಿಗೆಯಲ್ಲಿ ದೊರೆಯ ಕತ್ತಿ ಹೊರುವವನು ಬೇರೆ, ಕೈಗವಸು ಹೊರುವವನು ಬೇರೆ, ಶಿರಸ್ತ್ರಾಣ ಹೊರುವವನು ಬೇರೆ. ಕೈಗವಸಿನವನಿಗೆ ಕತ್ತಿಯವನನ್ನು ಕಂಡರಾಗದು. ಶಿರಸ್ತ್ರಾಣದವನಿಗೆ ಇಬ್ಬರನ್ನೂ ಕಂಡರಾಗದು. ಸತ್ತವನೊಬ್ಬನೇ ಯಾರ ಮೇಲೂ ಮುನಿಸಿಕೊಳ್ಳದೆ ಮಲಗಿದ್ದ.

ಅಚ್ಚಿನ ಅಂಗಡಿಯವರು ಮೆರವಣಿಗೆ ಮುಗಿಯುವ ತನಕ ಕಾಯುವವರಲ್ಲ. ಯಾರು ಎಲ್ಲಿ ನಡೆಯುತ್ತಾರೆ ಎಂಬುದನ್ನು ಅರಮನೆ ಮೊದಲೇ ಸಾರುತ್ತಿತ್ತು. ಅದನ್ನು ಕೇಳಿಕೊಂಡು ಕೆತ್ತನೆಗಾರರು ಇನ್ನೂ ನಡೆಯದ ಮೆರವಣಿಗೆಯನ್ನು ತಾಮ್ರದ ತಗಡಿನ ಮೇಲೆ ನಡೆಸಿಬಿಡುತ್ತಿದ್ದರು. ನಿಜವಾದ ಹೆಣ ಬೀದಿಗೆ ಬರುವ ದಿನವೇ ಚಿತ್ರವೂ ಅಂಗಡಿಗೆ ಬರಬೇಕು. ಆ ದಿನ ತಪ್ಪಿದರೆ ಮರುದಿನ ಕೇಳುವವರಿಲ್ಲ.

ಮೆರವಣಿಗೆ ಉದ್ದ, ತಗಡು ಗಿಡ್ಡ. ಅದಕ್ಕಾಗಿ ಎರಡು ತಗಡು. ಮುಂದಿನ ತಗಡಿನಲ್ಲಿ ದೊರೆಯ ಶವಪೆಟ್ಟಿಗೆ ಮತ್ತು ಅದನ್ನು ಹೊರುವವರು. ಹಿಂದಿನ ತಗಡಿನಲ್ಲಿ ಹೆಣದ ಹಿಂದೆ ನಡೆಯುವವರು. ಎರಡನ್ನೂ ಬೇರೆ ಬೇರೆ ಹಾಳೆಗೆ ಒತ್ತಿ, ಆ ಹಾಳೆಗಳನ್ನು ಪಕ್ಕಪಕ್ಕ ಅಂಟಿಸಿದರೆ ಚಿತ್ರ ಪೂರ್ತಿಯಾಯಿತು. ಪ್ರತಿ ತಗಡಿನ ಮೂಲೆಯಲ್ಲೂ ಅದನ್ನು ಕೆತ್ತಿದವನ ಹೆಸರು. ಜನ ಮೊದಲು ನೋಡುವುದು ಪೆಟ್ಟಿಗೆಯನ್ನು. ಮೊದಲು ಓದುವುದೂ ಅದರ ಕೆಳಗಿನ ಹೆಸರನ್ನು.

ಹೆಸ್ಟರ್ ಪೆಟ್ಟಿಗೆಯ ತಗಡನ್ನು ಲೌರೆನ್ಸ್‌ಗೆ ಕೊಟ್ಟಳು.

ಯೂರಿಯಾನ್ ತನ್ನ ತಗಡನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಅವಳು ಅವನ ಮುಖ ನೋಡಿದಳು.

"ಪೆಟಗಿ ಯಾರರ ಕೆತ್ತತಾರ," ಎಂದಳು. "ಹಿಂದ ನಡಿಯೋ ಮಂದೀನ ಕೆತ್ತಲಾಕ ನಿನಗೊಬ್ಬಗ ಬರ್ತದ."

ಅವನು ತಲೆಯಾಡಿಸಿದ. ಚಿಕ್ಕ ಮಕ್ಕಳಿಗೆ ಬೆಲ್ಲ ಕೊಟ್ಟು ಸುಮ್ಮನಿರಿಸುವ ಮಾತು ಇದು ಎಂದುಕೊಂಡ. ಆ ಮಾತು ನಿಜವಿರಬಹುದು ಎಂಬ ಯೋಚನೆ ಅವನ ಹತ್ತಿರ ಸುಳಿಯಲಿಲ್ಲ.

ಆದರೂ ಕೆಲಸಕ್ಕೆ ಕೂತ ಮೇಲೆ ಅವನು ಬೇರೆ ಮನುಷ್ಯ. ಅವರ ಕಸುಬಿನಲ್ಲಿ ಒಂದು ತೊಡಕಿದೆ. ಮುದ್ರೆಯುಂಗುರದ ಹಾಗೆ ತಾಮ್ರದ ಮೇಲಿದ್ದದ್ದು ಹಾಳೆಯ ಮೇಲೆ ತಿರುಗಿ ಬೀಳುತ್ತದೆ. ತಗಡಿನ ಬಲ ಹಾಳೆಯ ಎಡವಾಗುತ್ತದೆ. ಅದಕ್ಕಾಗಿ ಕೆತ್ತನೆಗಾರ ತಾನು ಬರೆದುಕೊಂಡ ಚಿತ್ರವನ್ನು ನೇರ ನೋಡಿ ಕೆತ್ತುವುದಿಲ್ಲ. ಎದುರಿಗೆ ಕನ್ನಡಿ ನಿಲ್ಲಿಸಿ, ಚಿತ್ರವನ್ನು ಕನ್ನಡಿಗೆ ಹಿಡಿದು, ಕನ್ನಡಿಯಲ್ಲಿ ಕಂಡದ್ದನ್ನು ಕೆತ್ತುತ್ತಾನೆ. ಆಗ ಹಾಳೆಯ ಮೇಲೆ ಎಲ್ಲ ಸರಿಯಾಗಿ ಬರುತ್ತದೆ. ಈ ಚಿತ್ರದಲ್ಲಿ ಎಲ್ಲರೂ ಎಡದಿಂದ ಬಲಕ್ಕೆ ನಡೆಯಬೇಕಿತ್ತು.

ಯೂರಿಯಾನ್‌ನ ತಗಡಿನಲ್ಲಿ ಮೊದಲು ಬರುವುದು ದೊರೆಯ ಕುದುರೆ. ಮೇಲೆ ಸವಾರನಿಲ್ಲ, ನೆಲ ಮುಟ್ಟುವ ಕರಿ ಬಟ್ಟೆ. ಅದನ್ನು ಹಿಡಿದು ನಡೆಸುವವನು ಒಬ್ಬ ಮುದುಕ, ಲಾಯದವನು. ಅವನ ಹಿಂದೆ ಉದ್ದ ನಿಲುವಂಗಿ ತೊಟ್ಟ ಅಧಿಕಾರಿಗಳ ಸಾಲು. ಅಧಿಕಾರಿಗಳನ್ನು ಯೂರಿಯಾನ್ ಚೆನ್ನಾಗಿಯೇ ಕೆತ್ತಿದ. ಮುದುಕನ ಹತ್ತಿರ ಬಂದಾಗ ಉಳಿ ನಿಂತಿತು.

ಅವನಿಗೆ ತನ್ನ ಅಪ್ಪನ ಹೆಣ ಎತ್ತಿದ ದಿನ ನೆನಪಾಯಿತು. ಆ ದಿನ ಅವನ ಅಣ್ಣ ಹೆಣದ ಹಿಂದೆ ನಡೆದಿದ್ದ. ಅತ್ತಿರಲಿಲ್ಲ. ತಲೆ ತಗ್ಗಿಸಿಯೂ ಇರಲಿಲ್ಲ. ಕಾಲು ಮಾತ್ರ, ಹೋಗಬೇಕೋ ಬೇಡವೋ ಎಂದು ಒಂದೊಂದು ಹೆಜ್ಜೆಗೂ ಕೇಳಿಕೊಳ್ಳುತ್ತಿತ್ತು. ಯೂರಿಯಾನ್ ಆ ನಡಿಗೆಯನ್ನು ಮುದುಕನಿಗೆ ಕೊಟ್ಟ. ಅರಮನೆಯವರು ಮೇಲಿನ ಬಟ್ಟೆಯನ್ನು ಹೊಸದಾಗಿ ಹೊಲಿಸಿಕೊಟ್ಟರೂ ಬಡವನ ಕಾಲಲ್ಲಿ ಇರುವುದು ಅವನದೇ ಜೋಡು ಎಂದು ಯೋಚಿಸಿ, ಹಿಮ್ಮಡಿ ಒಂದು ಕಡೆ ಸವೆದ ಜೋಡು ತೊಡಿಸಿದ. ಆ ಕೆಲಸ ಮಾಡುವಷ್ಟು ಹೊತ್ತು ಅವನಿಗೆ ಲೌರೆನ್ಸ್ ನೆನಪೇ ಆಗಲಿಲ್ಲ. ಅವನ ಬಾಳಿನಲ್ಲಿ ಅಷ್ಟು ಸುಖವಾದ ದಿನಗಳು ಮತ್ತೆ ಬರಲಿಲ್ಲ.

ತಗಡು ಸರಿಯಾಗಿದೆಯೇ ಎಂದು ನೋಡಲು ಮೊದಲು ಒಂದೇ ಒಂದು ಹಾಳೆ ಒತ್ತಿ ನೋಡುತ್ತಾರೆ. ಎರಡು ತಗಡಿನಿಂದಲೂ ಹೀಗೆ ಒಂದೊಂದು ಹಾಳೆ ಒತ್ತಿ ಮೇಜಿನ ಮೇಲೆ ಇಟ್ಟರು. ಹೆಸ್ಟರ್ ಬಂದಳು.

ಲೌರೆನ್ಸ್‌ನ ಹಾಳೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಪೆಟ್ಟಿಗೆಯ ಮೇಲೆ ಹೊದಿಸಿದ ಮಖಮಲ್ಲು ಕರಿಯ ಮಸಿಯಲ್ಲೇ ಮಿರುಗುತ್ತಿತ್ತು. ಮಡಿಕೆ ಮಡಿಕೆಯಾಗಿ ಇಳಿದ ಆ ಬಟ್ಟೆಯನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು. "ಭಾಳ ಚಂದ ಬಂದದ," ಎಂದಳು. ಆಮೇಲೆ ಯೂರಿಯಾನ್‌ನ ಹಾಳೆ ಎತ್ತಿಕೊಂಡಳು. ಒಂದು ಸಲ ನೋಡಿದಳು. ಕೆಳಗಿಟ್ಟು, ಏನೂ ಹೇಳದೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಯೂರಿಯಾನ್ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ. ಅವನ ಹಾಳೆಗೆ ಅಷ್ಟು ಹೊತ್ತು, ನನ್ನ ಹಾಳೆಗೆ ಇಷ್ಟೇ ಹೊತ್ತು. ಅವನದಕ್ಕೆ ಒಳ್ಳೆಯ ಮಾತು, ನನ್ನದಕ್ಕೆ ಬಾಗಿಲು. ಇದನ್ನೇ ಅವನು ಮನೆಗೆ ಹೋಗುವ ದಾರಿಯುದ್ದಕ್ಕೂ ಅರೆದ. ಹೋಗುವಾಗ ಮೇಜಿನ ಮೇಲಿಂದ ಲೌರೆನ್ಸ್‌ನ ಹಾಳೆಯನ್ನು ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ತಿದ್ದಿ ತರುತ್ತೇನೆಂದು ತನ್ನ ತಗಡನ್ನೂ ಜೊತೆಗೆ ಒಯ್ದಿದ್ದ. ತನ್ನ ಹಾಳೆಯನ್ನು ಅಲ್ಲೇ ಬಿಟ್ಟು ಬಂದಿದ್ದ.

ಅಷ್ಟರಲ್ಲಿ ಹಿಮ ಬಿದ್ದು ದಾರಿಗಳು ಮುಚ್ಚಿದವು. ಅರಮನೆಯವರು ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಬೇರೆ ಯಾರಿಗಾದರೂ ಇದು ಬಿಡುವು. ಯೂರಿಯಾನ್‌ಗೆ ಇದು ಅವಕಾಶವಾಗಿ ಕಂಡಿತು.

ಅವನು ಲೌರೆನ್ಸ್‌ನ ಹಾಳೆಯನ್ನು ಕಿಟಕಿಯ ಬಳಿ ಮೊಳೆ ಹೊಡೆದು ನಿಲ್ಲಿಸಿದ. ನೋಡಿದ. ಮಖಮಲ್ಲು ಅಲ್ಲವೇ ಅವಳಿಗೆ ಬೇಕಾದದ್ದು. ಅವನು ಒಂದು ಪೆಟ್ಟಿಗೆಗೆ ಮಖಮಲ್ಲು ಹೊದಿಸಿದರೆ ನಾನು ಸಾಲಿಗೆ ಸಾಲೇ ಹೊದಿಸುತ್ತೇನೆ. ಕುದುರೆಗೆ, ಅಧಿಕಾರಿಗಳಿಗೆ, ಎಲ್ಲರಿಗೂ. ಅವನ ಮಡಿಕೆಗಳು ನನ್ನ ಮಡಿಕೆಗಳ ಪಕ್ಕದಲ್ಲಿ ಗೋಣಿಚೀಲದ ಹಾಗೆ ಕಾಣಬೇಕು.

ಆ ಅಳತೆಯ ತಗಡು ಬೇರೆ ಇರಲಿಲ್ಲ. ಅವನು ತನ್ನ ತಗಡನ್ನೇ ಕೆರೆಯತೊಡಗಿದ.

ತಾಮ್ರದ ಮೇಲಿನ ತಪ್ಪನ್ನು ಅಳಿಸುವುದು ಸುಲಭವಲ್ಲ. ಗೀರುಗಳನ್ನು ಕೆರೆದು ತೆಗೆದರೆ ಅಲ್ಲಿ ತಗ್ಗು ಬೀಳುತ್ತದೆ. ಆಗ ತಗಡನ್ನು ಮಗುಚಿ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ, ತಗ್ಗನ್ನು ಮೇಲೆ ತಂದು, ಉಜ್ಜಿ ನುಣುಪು ಮಾಡಬೇಕು. ಯೂರಿಯಾನ್ ಅಧಿಕಾರಿಗಳನ್ನು ಕೆರೆದ. ಕುದುರೆಯನ್ನು ಕೆರೆದ. ಮುದುಕನ ಮೇಲೆ ಒಂದು ಗಳಿಗೆ ಕೈ ತಡೆಯಿತು. ಕಿಟಕಿಯ ಕಡೆ ನೋಡಿದ. ಮಖಮಲ್ಲು ಮಿರುಗುತ್ತಿತ್ತು. ಮುದುಕನನ್ನೂ ಕೆರೆದ.

ಮತ್ತೆ ಕೆತ್ತಲು ಕೂತಾಗ ಎಂದಿನಂತೆ ಕನ್ನಡಿ ನಿಲ್ಲಿಸಿದ. ಲೌರೆನ್ಸ್‌ನ ಹಾಳೆಯನ್ನು ಕನ್ನಡಿಗೆ ಹಿಡಿದ. ಕನ್ನಡಿಯಲ್ಲಿ ಹಾಳೆಯ ಪಕ್ಕಕ್ಕೆ ಅವನ ಮುಖವೂ ಬಂತು. ಕಣ್ಣು ಒಳಗೆ ಹೋಗಿತ್ತು, ತುಟಿ ಒಂದು ಕಡೆಗೆ ಎಳೆದುಕೊಂಡಿತ್ತು. ಕನ್ನಡಿಯನ್ನು ಅತ್ತ ಇತ್ತ ಸರಿಸಿ ನೋಡಿದ. ಎಲ್ಲಿಟ್ಟರೂ ಆ ಮುಖ ಹಾಳೆಯ ಬದಿಯಿಂದ ಇಣುಕುತ್ತಿತ್ತು. ಅವನಿಗೆ ಬೇಸರ ಬಂತು. ಕನ್ನಡಿಯನ್ನು ತೆಗೆದು ಗೋಡೆಯ ಕಡೆ ಮುಖ ಮಾಡಿ ಇಟ್ಟುಬಿಟ್ಟ. ಬಟ್ಟೆಯ ಮಡಿಕೆ ತಾನೇ, ಅದಕ್ಕೆ ಎಡವೇನು ಬಲವೇನು ಎಂದುಕೊಂಡ. ಹಾಳೆಯನ್ನು ನೇರವಾಗಿ ಕಣ್ಣ ಮುಂದೆ ಇಟ್ಟುಕೊಂಡು ಕೆತ್ತತೊಡಗಿದ.

ಹಗಲೆಲ್ಲ ಅವನು ಆ ಹಾಳೆಯಿಂದ ಕಣ್ಣು ಕೀಳಲಿಲ್ಲ. ಅದರಲ್ಲಿ ಹೊರುವವರ ಹೆಗಲು ಬಲಕ್ಕೆ ವಾಲಿದ್ದರೆ ಅವನ ಅಧಿಕಾರಿಗಳೂ ಬಲಕ್ಕೆ ವಾಲಿದರು. ಅದರಲ್ಲಿ ಬಟ್ಟೆ ಎಡಕ್ಕೆ ಹಾರಿದ್ದರೆ ಇವನ ಬಟ್ಟೆಯೂ ಎಡಕ್ಕೆ ಹಾರಿತು. ಅಷ್ಟು ವರ್ಷ ಉಳಿ ಹಿಡಿದವನಿಗೆ ಇದು ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ. ತಗಡನ್ನು ನೋಡಿದ್ದರೆ ಹೊಳೆಯುತ್ತಿತ್ತು. ಅವನ ಕೈ ಮಾತ್ರ ತಗಡಿನ ಮೇಲಿತ್ತು.

ಮಡಿಕೆಗಳು ಅದ್ಭುತವಾಗಿ ಬಂದವು. ಸುಳ್ಳು ಯಾಕೆ ಹೇಳಬೇಕು, ಆ ನಾಡಿನಲ್ಲಿ ಅಂಥ ಮಖಮಲ್ಲನ್ನು ಯಾರೂ ಕೆತ್ತಿರಲಿಲ್ಲ. ಕುದುರೆ ಹಿಡಿಯುವ ಮುದುಕನಿಗೂ ಈ ಸಲ ಉದ್ದನೆಯ ನಿಲುವಂಗಿ ತೊಡಿಸಿದ. ಅದರೊಳಗೆ ಕಾಲೂ ಮುಚ್ಚಿತು, ಜೋಡೂ ಮುಚ್ಚಿತು. ಎಲ್ಲರೂ ಒಮ್ಮೆಗೇ ನೋಡಿ ಬೆರಗಾಗಲಿ ಎಂದು ಯೂರಿಯಾನ್ ಮೊದಲ ಹಾಳೆ ಒತ್ತಿ ನೋಡಲೂ ಇಲ್ಲ. ತಗಡನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ.

ಹಿಮ ಕರಗಿತು. ಮೆರವಣಿಗೆಯ ದಿನ ಬೆಳಿಗ್ಗೆ ಯೂರಿಯಾನ್ ಅಂಗಡಿಗೆ ಬಂದಾಗ ಇಗರ್ಜಿಯ ಗಂಟೆಗಳು ಆಗಲೇ ಮೊಳಗುತ್ತಿದ್ದವು. ಲೌರೆನ್ಸ್‌ನ ತಗಡಿನಿಂದ ಒತ್ತಿದ ಹಾಳೆಗಳು ಕಟ್ಟು ಕಟ್ಟಾಗಿ ಒಣಗಿ ಕೂತಿದ್ದವು. ಅಂಟು ಕುದಿಸಿ ಇಟ್ಟಿದ್ದರು. ಎಲ್ಲರೂ ಇವನ ದಾರಿ ಕಾಯುತ್ತಿದ್ದರು. ಇವನು ತಗಡನ್ನು ಅಚ್ಚಿನವನ ಕೈಗೆ ಕೊಟ್ಟ.

ಮಸಿ ಬಳಿದರು. ಒರೆಸಿದರು. ಒದ್ದೆ ಹಾಳೆ ಹಾಸಿ ಅಚ್ಚಿನ ರಾಟೆ ತಿರುಗಿಸಿದರು. ಹಾಳೆ ಎತ್ತಿ ಲೌರೆನ್ಸ್‌ನ ಹಾಳೆಯ ಪಕ್ಕಕ್ಕೆ ಇಟ್ಟರು.

ದೊರೆಯ ಪೆಟ್ಟಿಗೆ ಬಲಕ್ಕೆ ಹೋಗುತ್ತಿತ್ತು. ಅವನ ಕುದುರೆ, ಅವನ ಲಾಯದವನು, ಅವನ ಅಧಿಕಾರಿಗಳು, ಎಲ್ಲರೂ ಹೆಣಕ್ಕೆ ಬೆನ್ನು ತಿರುಗಿಸಿ, ಮಿರುಗುವ ಮಖಮಲ್ಲು ಹಾರಿಸಿಕೊಂಡು ಎಡಕ್ಕೆ ಹೊರಟಿದ್ದರು. ಇದನ್ನು ಅಂಗಡಿಯಲ್ಲಿಟ್ಟರೆ ಅರಮನೆಯವರು ಅಂಗಡಿಗೆ ಬೀಗ ಹಾಕಿಸುತ್ತಿದ್ದರು.

"ಯೂರಿಯಾನ್," ಎಂದಳು ಹೆಸ್ಟರ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಮಂದಿ ಎತ್ತ ಹೊಂಟಾರ?"

ಗೋಡೆಯ ಕಡೆ ಮುಖ ಮಾಡಿಟ್ಟ ಕನ್ನಡಿ ಅವನಿಗೆ ಆಗ ನೆನಪಾಯಿತು.

"ಮೊದಲಿಂದು ಎಲ್ಲದ? ಆ ಮುದುಕಂದು?"

"ಕೆರದೆ," ಎಂದ ಅವನು.

ಅವಳು ಅಲ್ಲೇ ಇದ್ದ ಪೀಠದ ಮೇಲೆ ಕೂತಳು. "ಅವತ್ತು ಅದನ್ನ ನೋಡ್ಲಾಕ ಆಗಲಿಲ್ಲ ನನಗ," ಎಂದಳು. "ನನ್ನ ಗಂಡನ ಹಿಂದ ನಾ ಹಂಗ ನಡದಿದ್ದೆ. ಒಳಗ ಹೋಗಿ ಅತ್ತೆ. ಹೊರಗ ಬರೂದರಾಗ ನೀ ಹೋಗಿದ್ದಿ."

ಯೂರಿಯಾನ್ ಮೇಜಿನ ಅಂಚು ಹಿಡಿದುಕೊಂಡ.

ಆಗ ಲೌರೆನ್ಸ್ ಎದ್ದು ತನ್ನ ಮೇಜಿಗೆ ಹೋದ. ಅಲ್ಲಿ ಅವನ ಕನ್ನಡಿಯಿತ್ತು. ಕನ್ನಡಿಯ ಮುಂದೆ ಒಂದು ಹಾಳೆ ನಿಲ್ಲಿಸಿತ್ತು. ಮೂಲೆಗಳಲ್ಲಿ ಮೊಳೆಯ ತೂತು, ಬದಿಯಲ್ಲಿ ಮಸಿ ಮೆತ್ತಿದ ಬೆರಳಿನ ಗುರುತು. ಅವನು ಅದನ್ನು ತಂದು ಯೂರಿಯಾನ್‌ನ ಮುಂದೆ ಇಟ್ಟ. ಒಂದೇ ಒಂದು ಒತ್ತಿದ್ದ ಆ ಮೊದಲ ಹಾಳೆ. ಮುದುಕ ಅದರಲ್ಲಿ ಕುದುರೆ ಹಿಡಿದು, ಸವೆದ ಜೋಡಿನಲ್ಲಿ, ಪೆಟ್ಟಿಗೆ ಹೋದ ಕಡೆಗೇ ನಡೆಯುತ್ತಿದ್ದ.

"ನೀ ಹೋದ ಮ್ಯಾಲ ಇದನ್ನ ನಾ ತಗೊಂಡೆ," ಎಂದ ಲೌರೆನ್ಸ್. "ನಿದ್ದಿ ಬರಲಿಲ್ಲ ನನಗ. ನನ್ನ ತಗಡಿನಾಗ ಬರೇ ಅರಿವಿ ಬಟ್ಟಿ ಅದ, ಮನಶ್ಯಾರಿಲ್ಲ ಅನಸ್ತು."

ಅವನು ತನ್ನ ತಗಡನ್ನು ತಂದು ಮಗುಚಿ ತೋರಿಸಿದ. ಹಿಂಬದಿಯಲ್ಲಿ ಒಂದೇ ಜಾಗದಲ್ಲಿ ಸುತ್ತಿಗೆಯ ಏಟಿನ ಮೇಲೆ ಏಟು ಬಿದ್ದು ತಾಮ್ರ ತೆಳುವಾಗಿತ್ತು. ಪೆಟ್ಟಿಗೆ ಹೊರುವವರಲ್ಲಿ ಕೊನೆಯವನು ನಿಂತ ಜಾಗ ಅದು. ಮತ್ತೆ ಮತ್ತೆ ಕೆತ್ತಿ, ಮತ್ತೆ ಮತ್ತೆ ಕೆರೆದಿದ್ದ. ಯೂರಿಯಾನ್ ಲೌರೆನ್ಸ್‌ನ ಹೊಸ ಹಾಳೆಯನ್ನು ಆಗ ಸರಿಯಾಗಿ ನೋಡಿದ. ಕೊನೆಯವನ ಕಾಲು ಬದಲಾಗಿತ್ತು. ಅದೂ ಒಂದೊಂದು ಹೆಜ್ಜೆಗೆ ಏನೋ ಕೇಳಿಕೊಳ್ಳುತ್ತಿತ್ತು. ಪೂರ್ತಿ ಬಂದಿರಲಿಲ್ಲ. ಆದರೆ ಬಂದಷ್ಟರಿಂದಲೇ ಇಡೀ ಹಾಳೆಗೆ ಜೀವ ಬಂದಿತ್ತು.

"ನಿನ್ನಷ್ಟು ಬರಲಿಲ್ಲ," ಎಂದ ಲೌರೆನ್ಸ್.

ಹೆಚ್ಚು ಮಾತಿಗೆ ಹೊತ್ತಿರಲಿಲ್ಲ. ಹೆಸ್ಟರ್ ತಾನೇ ಅಂಟು ಬಳಿದು, ಲೌರೆನ್ಸ್‌ನ ಒಂದು ಹಾಳೆಗೆ ಯೂರಿಯಾನ್‌ನ ಆ ಒಂದೇ ಹಾಳೆಯನ್ನು ಜೋಡಿಸಿ ಕಿಟಕಿಯಲ್ಲಿ ತೂಗುಹಾಕಿದಳು. ಎರಡು ಹೆಸರೂ ಅದರಲ್ಲಿದ್ದವು. ಉಳಿದ ಕಟ್ಟುಗಳಲ್ಲಿ ಪೆಟ್ಟಿಗೆ ಮಾತ್ರ. ದೊರೆ ಅಷ್ಟೂ ಹಾಳೆಗಳಲ್ಲಿ ಹಿಂದೆ ಯಾರೂ ಇಲ್ಲದೆ ಒಬ್ಬನೇ ಹೋದ. ಆ ಹಾಳೆಗಳು ಊರೂರಿಗೆ ಹೋದವು, ಅವುಗಳ ಜೊತೆ ಲೌರೆನ್ಸ್‌ನ ಹೆಸರೂ ಹೋಯಿತು.

ಹೆಣ ಬೀದಿಯಲ್ಲಿ ಹಾದು ಹೋದ ಮೇಲೆ ಜನ ಕಿಟಕಿಯ ಮುಂದೆ ಗುಂಪು ಕಟ್ಟಿದರು. ಒಳಗೆ ಬಂದವರೆಲ್ಲ ಪೂರ್ತಿ ಚಿತ್ರವನ್ನೇ ಕೇಳಿದರು. ಆ ಮುದುಕ ಇರುವುದೇ ಬೇಕು ಎಂದರು. ಅದು ಒಂದೇ ಇರುವುದು, ಮಾರುವುದಿಲ್ಲ ಎಂದಳು ಹೆಸ್ಟರ್. ಎಲ್ಲರೂ ಹೋದ ಮೇಲೆ ಒಬ್ಬ ಮುದುಕ ಬಂದ. ಮೈಮೇಲೆ ಇನ್ನೂ ಅರಮನೆಯ ಕರಿ ಬಟ್ಟೆಯಿತ್ತು. ಆ ದಿನ ದೊರೆಯ ಕುದುರೆ ಹಿಡಿದು ನಡೆದವನೇ ಅವನು. ಕಿಟಕಿಯ ಮುಂದೆ ನಿಂತು, ಚಿತ್ರ ನೋಡಿ, ತನ್ನ ಕಾಲು ನೋಡಿಕೊಂಡ.

"ಇದನ್ನ ಮಾಡಿದವರು ಯಾರ್ರಿ?" ಎಂದು ಕೇಳಿದ. "ಇಷ್ಟು ಮಂದಿಯಾಗ ನನ್ನ ನೋಡಿದವರು ಒಬ್ಬರರ ಅದಾರಲ್ಲ."

ಹೆಸ್ಟರ್ ಯೂರಿಯಾನ್‌ನ ಕಡೆ ನೋಡಿದಳು. ಯೂರಿಯಾನ್‌ಗೆ ಹೌದು ನಾನೇ ಎನ್ನಲು ಬಾಯಿ ಬರಲಿಲ್ಲ.

ಆಮೇಲೆ ಅವನು ಬಹಳ ವರ್ಷ ಬದುಕಿದ. ಆ ಮುದುಕನಿಗೊಂದು ಹಾಳೆ ಮಾಡಿ ಕೊಡಬೇಕೆಂದು ಹೊಸ ತಗಡು ತಂದು ಕೆತ್ತಿದ. ಬರಲಿಲ್ಲ. ಇನ್ನೊಂದು ತಗಡು ತಂದ. ಬರಲಿಲ್ಲ. ಕೈ ಅದೇ, ಉಳಿ ಅದೇ, ಆ ಹೆಜ್ಜೆ ಮಾತ್ರ ಕೈಗೆ ಸಿಗಲಿಲ್ಲ. ಅಂಗಡಿಗೆ ಹೋಗಿ ಬರುವಾಗಲೆಲ್ಲ ಕಿಟಕಿಯಲ್ಲಿದ್ದ ಆ ಹಾಳೆಯ ಮುಂದೆ ನಿಲ್ಲುತ್ತಿದ್ದ. ಅದರ ಮೂಲೆಯಲ್ಲಿದ್ದ ತನ್ನ ಹೆಸರನ್ನು ಓದುತ್ತಿದ್ದ. ಲೌರೆನ್ಸ್‌ನ ಮೇಲಿನ ಕಿಚ್ಚು ಎಂದೋ ಆರಿಹೋಗಿತ್ತು. ಈಗ ಅವನು ಹೊಟ್ಟೆ ಉರಿದುಕೊಳ್ಳುತ್ತಿದ್ದದ್ದು ಆ ಹೆಸರಿನವನ ಮೇಲೆ.

ಗುರುಗಳು ಕತೆ ನಿಲ್ಲಿಸಿದರು. ಅರೆದ ಬಣ್ಣವನ್ನು ಕಲ್ಲಿನ ಮೇಲಿಂದ ಬಳಿದು ಚಿಪ್ಪಿಗೆ ಹಾಕಿದರು.

ಮಾನಪ್ಪ ಚಿಪ್ಪನ್ನು ಅವರ ಹತ್ತಿರ ಸರಿಸಿದ. "ಆ ಲೌರೆನ್ಸ್‌ಗೂ ಹೊಟ್ಟಿಕಿಚ್ಚು ಇತ್ತಲ್ರಿ," ಎಂದ. "ಅವ ಹ್ಯಾಂಗ ಉಳದ?"

"ಅವನೂ ಉರಕೊಂಡ. ಆದ್ರ ಅವ ಯೂರಿಯಾನ್‌ನ ಹಾಳಿ ಕನ್ನಡ್ಯಾಗ ಇಟಗೊಂಡು ನೋಡಿದ. ತನ್ನ ಮಾರಿನೂ ಅದರ ಜೋಡಿ ಕಾಣ್ತಿತ್ತು. ಕಂಡರ ಕಾಣಲಿ ಅಂತ ಬಿಟ್ಟ."

"ಹಂಗಾದ್ರ ನಾನೂ ಹಂಗ ಮಾಡ್ತೀನ್ರಿ," ಎಂದು ಮಾನಪ್ಪ ಎದ್ದ. ಅವನ ಮುಖ ಹಗುರಾಗಿತ್ತು. "ಮೊದಲ ನನ್ನ ಹಾಳಿ ಮುಗಿಸ್ತೀನಿ. ಆಮ್ಯಾಲ ದೇವಿಂದ್ರಂದು ನೋಡ್ತೀನಿ."

ಗುರುಗಳು ಕೈ ತೊಳೆದುಕೊಂಡರು.

"ನಿನ್ನೆ ನೀ ಹರದು ಒಗದ ಹಾಳಿ ಚೂರೆಲ್ಲ ಆರಿಸ್ಕೊಂಡು ಬಂದು ದೇವಿಂದ್ರ ಹಿತ್ತಲದಾಗ ಅಂಟಿಸ್ಕೋತ ಕುಂತಾನ, ಹೋಗಿ ಅಂಟಿನ ಬಟ್ಟಲಾ ಹಿಡಿ."